ಅತ್ತರೂ ಪರವಾಗಿಲ್ಲ, ಹೇಳಿ ಹೊರಡಿ

(ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

"ನಾನು ಹೋದರೆ ಮುಖ ಆ ಕಡೆ ತಿರುಗಿಸ್ಕೊಳ್ತಾಳೆ ಮೇಡಂ. ಅವಳಿಗೆ ನಾನು ಬೇಡವಾಗಿದ್ದೀನಿ."

ನನ್ನ ಬಳಿ ಸಲಹೆ ಕೇಳಲು ಬಂದ ತಾಯಿಯ ಮಾತಿದು. ಮಗಳಿಗೆ ನಾಲ್ಕು ವರ್ಷ. ಉಯ್ಯಾಲೆಯಿಂದ ಬಿದ್ದು ತೊಡೆಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಕಾಲಿಗೆ ತೂಕ ಕಟ್ಟಿ ಮಲಗಿಸಿ ಹನ್ನೊಂದು ದಿನ. ರಾತ್ರಿ ಅಪ್ಪ ಇರುತ್ತಿದ್ದರು. ಅಮ್ಮ ಕೆಲಸ ಮುಗಿಸಿ ಸಂಜೆ ಒಂದು ಗಂಟೆ ಬಂದು ಹೋಗುತ್ತಿದ್ದರು. ಮೊದಮೊದಲು ಮಗು ವಿಪರೀತ ಅಳುತ್ತಿತ್ತಂತೆ, ಈಗ ಅಳುವುದೇ ಇಲ್ಲ. "ಹೊಂದಿಕೊಂಡಿದ್ದಾಳೆ, ನೀವು ಬಂದರೇ ಕಷ್ಟ" ಅಂತ ವಾರ್ಡಿನಲ್ಲಿ ಯಾರೋ ಹೇಳಿದ್ದರು. ಹಾಗಾಗಿ ದಿನ ಬಿಟ್ಟು ದಿನ ಹೋಗೋಣವೇ ಎಂಬ ಯೋಚನೆ.

ಹೊರಡುವಾಗ ಏನು ಮಾಡ್ತೀರಿ ಅಂತ ಕೇಳಿದೆ.

"ಫೋನಿನಲ್ಲಿ ಏನಾದ್ರೂ ಹಾಕಿಕೊಟ್ಟು, ಅವಳು ನೋಡ್ತಿರುವಾಗ ಮೆಲ್ಲಗೆ ಎದ್ದು ಬಂದುಬಿಡ್ತೀನಿ. ಆಮೇಲೆ ಫೋನ್ ಅವರಪ್ಪ ತರ್ತಾರೆ. ಆದ್ರೆ ಅವಳು ಫೋನ್ ನೋಡೋದೇ ಇಲ್ಲ. ಕಣ್ಣೆಲ್ಲ ನನ್ನ ಬ್ಯಾಗ್ ಮೇಲೆ."

ಬ್ಯಾಗಿಗೆ ಕೈ ಹೋದರೆ ಅಮ್ಮ ಮಾಯ. ಮಗು ಅದನ್ನು ಕಲಿತುಬಿಟ್ಟಿತ್ತು. ಇರುವ ಒಂದು ಗಂಟೆಯೂ ಕಾವಲು ಕಾಯುವುದರಲ್ಲೇ ಕಳೆದರೆ ಮಾತಾಡಿಸುವುದು ಯಾವಾಗ?

1950ರ ದಶಕದಲ್ಲಿ ಬ್ರಿಟನ್ನಿನ ಸಂಶೋಧಕರಾದ ಜೇಮ್ಸ್ ರಾಬರ್ಟ್‌ಸನ್ ಮತ್ತು ಜಾನ್ ಬೌಲ್ಬಿ ಆಸ್ಪತ್ರೆಯಲ್ಲಿ ಒಂಟಿಯಾದ ಮಕ್ಕಳ ಬಗ್ಗೆ ಇದನ್ನೇ ಬರೆದರು. ಮೊದಲು ಅತ್ತು ರಂಪ, ಆಮೇಲೆ ಮಂಕು, ಕೊನೆಗೆ ಅಮ್ಮ ಬಂದರೂ ಬೇಡವೆನ್ನುವ ಹಾಗೆ ದೂರ ಸರಿಯುವುದು. ಆ ಮೌನವನ್ನೇ ಆಗಿನವರು ಹೊಂದಿಕೊಂಡ ಲಕ್ಷಣ ಅಂದುಕೊಂಡಿದ್ದರು. 1959ರಲ್ಲಿ ಅಲ್ಲಿನ ಸರ್ಕಾರಿ ಸಮಿತಿಯೊಂದು ಆಸ್ಪತ್ರೆಯಲ್ಲಿರುವ ಮಕ್ಕಳ ಬಗ್ಗೆ ಕೊಟ್ಟ ಪ್ಲಾಟ್ ವರದಿ, ಮಕ್ಕಳನ್ನು ನೋಡಲು ತಂದೆತಾಯಿಗೆ ಹೊತ್ತುಗೊತ್ತಿನ ಕಟ್ಟು ಬೇಡ ಎಂದಿತು. ಈ ಮಗುವಿಗೆ ಅಪ್ಪ ಜೊತೆಗಿದ್ದಾರೆ, ಅಷ್ಟು ಗಾಬರಿ ಬೇಕಿಲ್ಲ. ಆದರೆ ಭೇಟಿ ಕಡಿಮೆ ಮಾಡುವುದು ಮಾತ್ರ ತಪ್ಪು ಔಷಧಿ.

ನಾನು ಹೇಳಿದ್ದು ಇಷ್ಟು. ದಿನಾ ಹೋಗಿ, ಅರ್ಧ ಗಂಟೆಯಾದರೂ ಸರಿ. ಹೋದ ತಕ್ಷಣ ಬ್ಯಾಗನ್ನು ಅವಳ ಪಕ್ಕದಲ್ಲೇ ಇಡಿ, ಹೊರಡುವಾಗ ಅವಳ ಕೈಯಿಂದಲೇ ಇಸಿದುಕೊಳ್ಳಿ. "ನಾಳೆ ಆರು ಗಂಟೆಗೆ" ಅಂದರೆ ಆ ವಯಸ್ಸಿಗೆ ಅರ್ಥವಾಗದು. "ನೀನು ಮಲಗಿ ಏಳ್ತೀಯ, ಡಾಕ್ಟರ್ ಬರ್ತಾರೆ, ಊಟ ಆಗುತ್ತೆ, ಆಚೆ ಕತ್ತಲಾಗುತ್ತೆ, ಆಗ ನಾನು ಬರ್ತೀನಿ" ಅನ್ನಿ. ಒಂದೇ ಸಲ ಹೇಳಿ ಹೊರಡಿ, ಬಾಗಿಲಲ್ಲಿ ನಿಂತು ನಾಲ್ಕು ಸಲ ತಿರುಗಬೇಡಿ. ಅಳುತ್ತಾಳೆ. ಅಳಲಿ, ಅಪ್ಪ ಎತ್ತಿಕೊಳ್ಳಲು ಆಗದಿದ್ದರೂ ತಲೆ ಸವರುತ್ತಾರೆ. ಮತ್ತೆ, "ನಾಳೆ ಮನೆಗೆ ಹೋಗೋಣ" ಅಂತ ಸುಮ್ನೆ ಹೇಳಬೇಡಿ. ನೆಂಟರಿಗೂ ಒಂದು ಮಾತು: ಮಂಚದ ಸುತ್ತ ನಿಂತು ಬಿದ್ದ ಕಥೆ ಹೇಳುವುದು ಸಾಕು.

ಎದ್ದು ಹೊರಟವರು ಬಾಗಿಲ ಹತ್ತಿರ ಇನ್ನೊಂದು ಹೇಳಿದರು. ಎಂಟು ವರ್ಷದ ಅಣ್ಣ ತಂಗಿಯ ಸುದ್ದಿಯನ್ನೇ ಕೇಳುವುದಿಲ್ಲವಂತೆ. ಉಯ್ಯಾಲೆ ತೂಗಿದ್ದು ಯಾರು ಅಂದೆ. ಆಕೆ ವಾಪಸ್ ಬಂದು ಕೂತರು. ಅವನೇ.

ಅವನನ್ನು ಇನ್ನೂ ಆಸ್ಪತ್ರೆಗೆ ಕರೆದೊಯ್ದಿರಲಿಲ್ಲ, ಹೆದರುತ್ತಾನೆ ಅಂತ. ನೋಡದಿದ್ದರೆ ಹೆದರಿಕೆ ಜಾಸ್ತಿ ಅಲ್ವಾ? ವಾರ್ಡಿನಲ್ಲಿ ಅನುಮತಿ ಕೇಳಿ, ನೆಗಡಿ ಕೆಮ್ಮು ಇಲ್ಲದಾಗ ಕರೆದೊಯ್ಯಲು ಹೇಳಿದೆ. ಮೊದಲು ಕಾಲಿನ ಫೋಟೋ ತೋರಿಸಿ, ಇದು ನಿನ್ನ ತಪ್ಪಲ್ಲ ಅಂತ ಬಾಯಿಬಿಟ್ಟು ಹೇಳಿ ಅಂದೆ. ಅವನು ಕೇಳಲಿ ಅಂತ ಕಾಯಬೇಡಿ.

ವಾರದ ಮೇಲೆ ಆಕೆ ಬಂದರು. ಮೊದಲ ಸಂಜೆ ಮಗು ವಾರ್ಡಿಗೆಲ್ಲ ಕೇಳುವ ಹಾಗೆ ಅತ್ತಿತ್ತು. ನಾಲ್ಕನೆಯ ದಿನ ಬ್ಯಾಗ್ ತಾನೇ ಕೊಟ್ಟು, ಆಮೇಲೆ ಅತ್ತಿತಂತೆ. ಅಣ್ಣ ಬಂದವನು ತಂಗಿಯನ್ನು ಬಿಟ್ಟು ಕಾಲಿಗೆ ಕಟ್ಟಿದ ತೂಕ ಎಷ್ಟು ಕೆಜಿ ಅಂತ ನರ್ಸನ್ನು ವಿಚಾರಿಸುತ್ತಾ ನಿಂತಿದ್ದನಂತೆ. ತಂಗಿ ಕರೆದು ಕರೆದು ಸಾಕಾಗಿ ದಿಂಬು ಎಸೆದಳು.

ಮನೆಗೆ ಹೋದ ಮೇಲೆ ಕೆಲವು ದಿನ ಅಂಟಿಕೊಂಡೇ ಇರಬಹುದು, ಹಾಸಿಗೆ ಒದ್ದೆ ಮಾಡಬಹುದು, ಬೈಯಬೇಡಿ ಅಂದಿದ್ದೇನೆ. ಡಿಸ್ಚಾರ್ಜ್ ಆಗಿ ಎರಡು ವಾರಕ್ಕೆ ಬರಲು ಹೇಳಿದ್ದೇನೆ, ಅಣ್ಣನನ್ನೂ ಕರೆದುಕೊಂಡು.