ಚರ್ಮದಡಿಯ ಗ್ಲೂಕೋಸ್ ಸೆನ್ಸರ್ ವರ್ಷಗಟ್ಟಲೆ ಏಕೆ ಬಾಳುವುದಿಲ್ಲ?

ತೋಳಿನಲ್ಲಿರುವ ಸೆನ್ಸರಿನ ಅಂಕಿ ಬೆರಳು ಚುಚ್ಚಿ ನೋಡಿದ ಅಂಕಿಗೆ ಕೆಲವೊಮ್ಮೆ ಹೊಂದುವುದಿಲ್ಲವೇಕೆ, ಅದನ್ನು ವರ್ಷಗಟ್ಟಲೆ ಒಳಗೇ ಬಿಡಬಾರದೇಕೆ ಎಂದು ಕೇಳಿದ್ದೀರಿ. ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸುತ್ತಿದ್ದ ನಾನು ಈಗ ಬದಿಯಡ್ಕದ ಸಮೀಪದ ಮನೆಯಲ್ಲಿ ಅಪ್ಪನ ಸಕ್ಕರೆ ಕಾಯಿಲೆಯನ್ನು ನೋಡಿಕೊಳ್ಳುತ್ತಿದ್ದೇನೆ.

ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ರಕ್ತದಿಂದ ಸಕ್ಕರೆ ಅಲ್ಲಿಗೆ ಇಳಿಯಲು ಸುಮಾರು 5ರಿಂದ 10 ನಿಮಿಷ ಬೇಕು. ಆದ್ದರಿಂದ ಗಂಜಿ ಉಂಡು ಸಕ್ಕರೆ ಭರದಿಂದ ಏರುತ್ತಿರುವಾಗ ಎರಡು ಅಂಕಿಗಳು ಬೇರೆಯಾಗುವುದು ಸಹಜ.

ಇದಕ್ಕಿಂತ ದೊಡ್ಡ ತೊಡಕು ದೇಹದ ಪ್ರತಿಕ್ರಿಯೆಯದು. ಕೈಗೆ ಹೊಕ್ಕ ಸಿಬಿರಿನ ಸುತ್ತ ಮಾಂಸ ಕೆಂಪಾಗಿ ಊದಿಕೊಳ್ಳುವಂತೆಯೇ, ಸೆನ್ಸರ್ ಒಳಹೊಕ್ಕ ಕೆಲವೇ ನಿಮಿಷಗಳಲ್ಲಿ ಅದಕ್ಕೆ ಪ್ರೋಟೀನುಗಳು ಅಂಟುತ್ತವೆ, ಬಳಿಕ ಉರಿಯೂತದ ಬಿಳಿ ರಕ್ತಕಣಗಳು ಮುತ್ತುತ್ತವೆ. ಈ ಕಣಗಳು ತಾವೇ ಗ್ಲೂಕೋಸನ್ನೂ ಆಮ್ಲಜನಕವನ್ನೂ ಬಳಸಿಕೊಳ್ಳುವುದರಿಂದ, ರಕ್ತದಲ್ಲಿ ಸಕ್ಕರೆ ಸಾಕಷ್ಟಿದ್ದರೂ ಸೆನ್ಸರಿನ ಬುಡದಲ್ಲಿ ಅದು ಕಡಿಮೆಯಾಗಬಹುದು. ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ನೆಚ್ಚಿದ ಹಲವು ಸೆನ್ಸರುಗಳಿಗೆ ಆಮ್ಲಜನಕವೂ ಬೇಕಾದ್ದರಿಂದ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ. ವಾರಗಳು ಕಳೆದಂತೆ ರಕ್ತನಾಳಗಳು ವಿರಳವಾದ ನಾರಿನ ಪೊರೆಯೊಂದು ಸುತ್ತಲೂ ಬೆಳೆದು, ಸಕ್ಕರೆ ಸೆನ್ಸರನ್ನು ತಲುಪುವುದೇ ನಿಧಾನವಾಗುತ್ತದೆ.

ಒಂದು ರಾತ್ರಿ ಎರಡು ಗಂಟೆಗೆ ಅಪ್ಪನ ಸೆನ್ಸರಿನ ಅಲಾರಂ ಬಡಿದುಕೊಂಡಿತು, ಅಂಕಿ 54. ನಾನು ಗಾಬರಿಯಿಂದ ಬೆಲ್ಲದ ನೀರು ಕಲಸಿದೆ, ಆದರೆ ಬೆರಳು ಚುಚ್ಚಿ ನೋಡಿದರೆ 108. ಅವರು ಸೆನ್ಸರ್ ಇದ್ದ ಎಡಮಗ್ಗುಲಿಗೇ ಮಲಗಿದ್ದರು. ಒತ್ತಡಕ್ಕೆ ಅಲ್ಲಿನ ಸಣ್ಣ ರಕ್ತನಾಳಗಳು ಅದುಮಿಕೊಂಡು ಅಂಕಿ ಕುಸಿದಿತ್ತು. ಮಗ್ಗುಲು ಬದಲಿಸಿದ ಅರ್ಧ ಗಂಟೆಯೊಳಗೆ ತಾನಾಗಿ ಸರಿಹೋಯಿತು.

ಹಾಗೆಂದು ದೀರ್ಘಕಾಲ ಬಾಳುವ ಸೆನ್ಸರ್ ಅಸಾಧ್ಯವೇನಲ್ಲ. ಅಮೆರಿಕದ ಜೈವಿಕ ಎಂಜಿನಿಯರ್ ಡೇವಿಡ್ ಗಾಫ್ ಅವರ ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಹಂದಿಗಳಲ್ಲಿ ಅಳವಡಿಸಿದ ಸೆನ್ಸರುಗಳು 222 ಮತ್ತು 520 ದಿನ ಕೆಲಸ ಮಾಡಿದವು. ಅವು ಆಮ್ಲಜನಕವನ್ನು ಬೇರೆಯಾಗಿ ಅಳೆದು, ಅದರ ಏರಿಳಿತವನ್ನು ಲೆಕ್ಕದಿಂದ ಕಳೆಯುತ್ತಿದ್ದವು. ನನಗೆ ಇದು ಬಹಳ ವಿವೇಕದ ದಾರಿಯೆನಿಸುತ್ತದೆ. ಎವರ್‌ಸೆನ್ಸ್ ಎಂಬ ಸೆನ್ಸರ್ ಕಿಣ್ವವನ್ನೇ ಬಿಟ್ಟು, ಗ್ಲೂಕೋಸ್ ತಗುಲಿದಾಗ ಹೊಳೆಯುವ ಪಾಲಿಮರನ್ನು ಬಳಸುತ್ತದೆ; ಉರಿಯೂತ ತಗ್ಗಿಸಲು ಅದರಲ್ಲಿ ಡೆಕ್ಸಾಮೆಥಸೋನ್ ಒಸರುವ ಉಂಗುರವೂ ಇದೆ. ಅಮೆರಿಕದಲ್ಲಿ 2018ರಲ್ಲಿ 90 ದಿನಗಳ ಬಳಕೆಗೆ ಸಿಕ್ಕಿದ್ದ ಅನುಮತಿ 2024ರಲ್ಲಿ ಒಂದು ವರ್ಷಕ್ಕೆ ವಿಸ್ತರಿಸಿತು.

ನಿಮ್ಮದು ತೋಳಿನ ಸಾಮಾನ್ಯ ಸೆನ್ಸರಾದರೆ, ಹೊಸದನ್ನು ಹಾಕಿದ ಮೊದಲ ದಿನ ಔಷಧಿಯ ಪ್ರಮಾಣ ಬದಲಿಸುವ ಮುನ್ನ, ಹಾಗೆಯೇ ಅಂಕಿಗೂ ಮೈಯ ಲಕ್ಷಣಕ್ಕೂ ತಾಳೆಯಾಗದಾಗ, ದಯವಿಟ್ಟು ಬೆರಳು ಚುಚ್ಚಿ ನೋಡಿ.