ಒಡೆಯನನ್ನು ಬಿಟ್ಟು ಓಡಿದ ಕೊಮಿನ್ ಬರೆದ ಇತಿಹಾಸವನ್ನು ನಂಬಬಹುದೇ?

ಎಂ.ಎ. ಓದುವಾಗ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಹದಿನೈದನೇ ಶತಮಾನದ ಆಸ್ಥಾನಿಕ, ತಾನು ಕಂಡದ್ದನ್ನೆಲ್ಲ 'ಮೆಮೊಯರ್ಸ್' ಎಂಬ ಪುಸ್ತಕವಾಗಿ ಬರೆದ ಫಿಲಿಪ್ ದ ಕೊಮಿನ್ ಬಗ್ಗೆ ಪ್ರಬಂಧ ಬರೆದಿದ್ದೆ. ಅದು ವಾಪಸ್ ಬಂತು.

1472ರ ಆಗಸ್ಟಿನ ಒಂದು ರಾತ್ರಿ ಅವನು ಬರ್ಗಂಡಿಯ ಡ್ಯೂಕ್ ಚಾರ್ಲ್ಸ್‌ನನ್ನು ಬಿಟ್ಟು, ಆ ಚಾರ್ಲ್ಸ್‌ನ ಕಡುವೈರಿಯಾದ ಫ್ರಾನ್ಸಿನ ದೊರೆ ಹನ್ನೊಂದನೇ ಲೂಯಿಯ ಕಡೆ ಸೇರಿಕೊಂಡ. ಬೆಳಗಾಗುತ್ತಲೇ ಡ್ಯೂಕ್ ಅವನ ಆಸ್ತಿ ಕಿತ್ತುಕೊಂಡ. ಲೂಯಿ ತಾಲ್ಮೋಂ ಸೀಮೆ ಕೊಟ್ಟ, ಅದೂ ಇನ್ನೊಂದು ಮನೆತನ ತನ್ನದು ಅನ್ನುತ್ತಿದ್ದ ಜಾಗ. ಉಂಡ ಮನೆಗೆ ಎರಡು ಬಗೆದವನು ಅಂತ ನಾನು ಮೊದಲ ಪುಟದಲ್ಲೇ ತೀರ್ಪು ಕೊಟ್ಟುಬಿಟ್ಟೆ. ಕೆಟ್ಟಿದ್ದು ಅಲ್ಲೇ. ಆಮೇಲೆ ಅವನು ಚಾರ್ಲ್ಸ್ ಬಗ್ಗೆ ಹೇಳಿದ್ದೆಲ್ಲ ಸೇಡು ಅಂತ ಬಿಟ್ಟೆ, ಲೂಯಿ ಬಗ್ಗೆ ಹೇಳಿದ್ದೆಲ್ಲ ಹೊಗಳಿಕೆ ಅಂತ ಬಿಟ್ಟೆ. ಇನ್ನೇನು ಉಳಿಯುತ್ತೆ ಹೇಳಿ? ಬೇರೆಯವರು ಅವನ ಬಗ್ಗೆ ಬರೆದದ್ದು ಮಾತ್ರ. ಮೇಷ್ಟ್ರು ಕೇಳಿದ್ದು ಒಂದೇ ಮಾತು, 'ಆ ರಾತ್ರಿ ಬಗ್ಗೆ ಅವನೇ ಏನು ಬರೆದಿದ್ದಾನೆ?' ನನ್ನ ಹತ್ತಿರ ಉತ್ತರ ಇರಲಿಲ್ಲ. ಇಡೀ ವರ್ಷ ಕೈತಪ್ಪಿತು.

ಅವನು ಬರೆದಿರುವುದು ಒಂದೇ ಸಾಲು. ಸುಮಾರು ಆ ಹೊತ್ತಿಗೆ ದೊರೆಯ ಸೇವೆಗೆ ಬಂದೆ, ಇಸವಿ 1472, ಅಷ್ಟೇ. ಕಾರಣ ಇಲ್ಲ, ಸಮಜಾಯಿಷಿ ಇಲ್ಲ. ಅದೇ ಮನುಷ್ಯ 1468ರಲ್ಲಿ ಚಾರ್ಲ್ಸ್‌ನ ಕೈಯಲ್ಲಿದ್ದ ಪೆರೋನ್ ಊರಿನಲ್ಲಿ ನಡೆದದ್ದರ ಬಗ್ಗೆ ಹೇಗೆ ಬರೆಯುತ್ತಾನೆ ನೋಡಿ. ಮಾತುಕತೆಗೆ ಬಂದ ಲೂಯಿ ಕೋಟೆಯಲ್ಲಿ ಸಿಕ್ಕಿಬಿದ್ದಿದ್ದಾನೆ, ಚಾರ್ಲ್ಸ್ ಕೋಪದಲ್ಲಿ ಕುದಿಯುತ್ತಿದ್ದಾನೆ, ಬಟ್ಟೆ ಕೂಡ ಬಿಚ್ಚದೆ ಎರಡು ಮೂರು ಸಲ ಹಾಸಿಗೆಗೆ ಒರಗಿ ಮತ್ತೆ ಎದ್ದು ಓಡಾಡುತ್ತಾನೆ, ಅದೇ ಕೋಣೆಯಲ್ಲಿ ಮಲಗಿದ್ದ ಕೊಮಿನ್ ಕೂಡ ಎದ್ದು ಅವನ ಜೊತೆ ಹೆಜ್ಜೆ ಹಾಕುತ್ತಾನೆ. ಲೂಯಿಯನ್ನು ಮೆಚ್ಚುತ್ತಾನೆ ನಿಜ. ಆದರೆ ಆ ದೊರೆ ಕೈದಿಗಳನ್ನು ಕೂಡಿಹಾಕಲು ಮಾಡಿಸಿದ ಕಬ್ಬಿಣದ ಪಂಜರಗಳನ್ನು ಮುಚ್ಚಿಡುವುದಿಲ್ಲ. ಎಂಟು ಅಡಿ ಅಗಲ, ಆಳಿಗಿಂತ ಒಂದಡಿ ಎತ್ತರ. ಲೂಯಿ ತೀರಿಕೊಂಡ ಮೇಲೆ ಎಂಟು ತಿಂಗಳು ಅಂಥದ್ದರಲ್ಲಿ ತಾನೇ ಕೊಳೆತವನು ಈ ಕೊಮಿನ್.

ಹಾಗಾಗಿ ನಂಬಬೇಕೋ ಬೇಡವೋ ಅನ್ನೋ ಪ್ರಶ್ನೆಯನ್ನೇ ಬಿಡಿ. ಎಲ್ಲಿ ಬಾಯಿ ಬಿಡುತ್ತಾನೆ, ಎಲ್ಲಿ ಮುಚ್ಚಿಕೊಳ್ಳುತ್ತಾನೆ, ಅದನ್ನು ಗುರುತು ಹಾಕಿಕೊಂಡು ಓದಿ. ಪಕ್ಷ ಬದಲಿಸಿದ್ದಕ್ಕೇ ಅಲ್ವಾ ಅವನಿಗೆ ಎರಡೂ ಮನೆಯ ಒಳಗು ಗೊತ್ತಾಗಿದ್ದು?

ಅವನ ಪುಸ್ತಕದ ಕೊನೆಯ ಎರಡು ಭಾಗಗಳನ್ನು ಬಿಡಬೇಡಿ, ವೆನಿಸ್‌ನಲ್ಲಿ ರಾಯಭಾರಿಯಾಗಿದ್ದಾಗಿನ ವಿಷಯ ಇರುವುದು ಅಲ್ಲೇ. ಇನ್ನೊಂದು, ಲೈಬ್ರರಿಯಲ್ಲಿ ಅವನ ಹೆಸರನ್ನು ಇಂಗ್ಲಿಷಿನ ವೈ ಹಾಕಿಯೂ ಹುಡುಕಿ, ಐ ಹಾಕಿಯೂ ಹುಡುಕಿ. ಇಲ್ಲದಿದ್ದರೆ ಅರ್ಧ ಪುಸ್ತಕಗಳು ಸಿಗುವುದೇ ಇಲ್ಲ.