ಹುಬ್ಬಳ್ಳಿಯ ನೃಪತುಂಗ ಬೆಟ್ಟ ಹತ್ತುವಾಗ ಏದುಸಿರು ಯಾಕೆ ಬರುತ್ತದೆ?

ಆಕ್ಸಿಜನ್ ಸಾಲದೆ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಆದರೆ ಆರೋಗ್ಯವಂತರಲ್ಲಿ ಆಗ ರಕ್ತದ ಆಕ್ಸಿಜನ್ ಅಷ್ಟೇನೂ ಇಳಿದಿರುವುದಿಲ್ಲ. ನಿಜವಾದ ತಲೆನೋವು ಕಾರ್ಬನ್ ಡೈಆಕ್ಸೈಡ್‌ದು. ತೊಡೆಯ ಸ್ನಾಯು ದುಡಿದಷ್ಟೂ ಅದು ಜಾಸ್ತಿ ಹುಟ್ಟುತ್ತದೆ, ಹೊರಗೆ ಹಾಕಲೇಬೇಕು. ಮೆದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರ ಅದರ ಮೇಲೆ ಸದಾ ಕಣ್ಣಿಟ್ಟಿರುತ್ತದೆ. ಕಾಲು ಏರಿಗೆ ಬಿದ್ದ ಕೂಡಲೇ ಉಸಿರಿನ ವೇಗ ಹೆಚ್ಚಿಸುತ್ತದೆ.

ಹೃದಯವೂ ಸುಮ್ನೆ ಇರುವುದಿಲ್ಲ. ಕೂತಾಗ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುವ ಅದು ಜೋರು ಶ್ರಮದಲ್ಲಿ 15 ಲೀಟರ್ ದಾಟಬಹುದು. ಆ ರಕ್ತದ ದೊಡ್ಡ ಪಾಲು ಕಾಲಿಗೆ, ಹೊಟ್ಟೆಯ ಪಾಲಿಗೆ ಕತ್ತರಿ. ಗಿರ್ಮಿಟ್, ಮಿರ್ಚಿ ತಿಂದು ತಕ್ಷಣ ಹತ್ತಿದರೆ ಹೊಟ್ಟೆ ತೊಳಸುತ್ತದಲ್ವಾ, ಅದಕ್ಕೆ ಇದೂ ಒಂದು ಕಾರಣ. (ಎಣ್ಣೆಯದೂ ತಪ್ಪಿದೆ ಬಿಡಿ.)

ಏರುವಾಗ ಎದೆನೋವು, ತಲೆಸುತ್ತು ಬಂದರೆ ಮಾತ್ರ ಡಾಕ್ಟರಿಗೆ ತೋರಿಸಿ.